ನಿನ್ನ ಸೋಡಾ ಕೊನೆಗೂ ಸಿಕ್ಕಿತು

ಗುಂಡಿ ಸಾಹೇಬರೇ,

ಪತ್ರ ಬರೆಯದೆ ಎಷ್ಟು ತಿಂಗಳಾಯಿತು ಅಂತ ಲೆಕ್ಕ ಹಾಕಬೇಡ. ಲೆಕ್ಕ ಹಾಕೋಕೆ ಮನೆಯಲ್ಲೇ ಒಬ್ಬರಿದ್ದಾರೆ. ಎಲ್ಲರ ಮುಂದೆ ಯಾಕೆ ಬರೀತಿದ್ದಾಳೆ ಅಂತಲೂ ಗೊಣಗಬೇಡ. ನಿನಗೊಬ್ಬನಿಗೇ ಕಳಿಸಿದರೆ ಮೂರು ತಿಂಗಳು ಬಿಟ್ಟು ‘ಹ್ಞೂಂ’ ಅಂತ ಉತ್ತರ ಬರುತ್ತದೆ. ನಾಲ್ಕು ಜನ ನೋಡುತ್ತಿದ್ದರೆ ಮರ್ಯಾದೆಗಾದರೂ ಎರಡು ಸಾಲು ಬರೆಯುತ್ತೀಯ.

ಅಂಗಡಿ ನಡೆಯುತ್ತಿದೆ. ಒಂದು ಗೋಡೆಗೆ ಹಳೇ ಬಟ್ಟೆ, ಇನ್ನೊಂದು ಗೋಡೆಗೆ ಮದುವೆ ಗೌನು, ಮಧ್ಯದಲ್ಲಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನಾನು. ಗುಂಡುಸೂಜಿ ಇದ್ದರೆ ಒಂದು ಲಾಭ ಇದೆ. ಮದುಮಗಳ ಜೊತೆ ಬಂದವರು ‘ಇದರಲ್ಲಿ ನೀನು ದಪ್ಪ ಕಾಣ್ತೀಯ’ ಅಂದಾಗ ನಾನು ಏನೂ ಹೇಳಲಾಗುವುದಿಲ್ಲ. ಅರ್ಧ ಗಿರಾಕಿ ಉಳಿದಿರುವುದೇ ಆ ಸೂಜಿಗಳಿಂದ.

ಜಾಸ್ತಿ ಕಣ್ಣೀರು ಬರೋದು ಲೇಬಲ್ಲಿನ ನಂಬರ್ ನೋಡಿ. ಹಳೇ ಗೌನಿನ ಸೈಜು ಬೇರೆ, ಈಗಿನದು ಬೇರೆ. ಇವತ್ತಿನ 12 ಹಾಕುವವಳಿಗೆ 1950ರ ದಶಕದ ಅಮೆರಿಕದ 12 ಹತ್ತುವುದೇ ಇಲ್ಲ. ಕಾಲ ಹೋದಂತೆ ಕಂಪನಿಗಳು ಗಿರಾಕಿಯನ್ನು ಖುಷಿಯಾಗಿಡಲು ನಂಬರನ್ನು ಇಳಿಸುತ್ತಾ ಬಂದವು, ಮೈ ಮಾತ್ರ ಮೈಯಷ್ಟೇ ಇದೆ. ಅದಕ್ಕೇ ಮೊದಲು ಅಳತೆ ಟೇಪು, ಆಮೇಲೆ ಮಾತು. ಒಳಗಿನ ಹೊಲಿಗೆಯಲ್ಲಿ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಅಂತ ಬೆರಳಲ್ಲೇ ಗೊತ್ತಾಗುತ್ತದೆ ಈಗ. ಹಿಂದಿನ ದರ್ಜಿಗಳು ಧಾರಾಳಿಗಳು, ಬಿಚ್ಚಿ ಹಿಗ್ಗಿಸಲಿ ಅಂತಲೇ ಬಿಟ್ಟಿರುತ್ತಿದ್ದರು. ಈಗಿನ ಗೌನಿನಲ್ಲಿ ಅರ್ಧ ಬೆರಳಿನಷ್ಟು ಸಿಕ್ಕರೆ ಪುಣ್ಯ.

ನಿನಗೆ ಇದೆಲ್ಲ ಬೇಜಾರು, ಗೊತ್ತು. ಸ್ವಲ್ಪ ತಡೆದುಕೋ. ನಾನು ಹೇಳಬೇಕಾಗಿರುವುದು ನಿನ್ನ ಬಗ್ಗೆಯೇ, ಆದರೆ ಸೀದಾ ಅಲ್ಲಿಗೆ ಹೋಗೋಕೆ ಧೈರ್ಯ ಸಾಲುತ್ತಿಲ್ಲ.

ನನ್ನ ಒಂದು ಹೆಮ್ಮೆ ಇದೆ. ಬಟ್ಟೆಯ ವಿಷಯದಲ್ಲಿ ನಾನು ಸುಳ್ಳು ಹೇಳುವುದಿಲ್ಲ. ಯಾರಾದರೂ ‘ನಮ್ಮಜ್ಜಿಯ 1930ರ ಗೌನು’ ಅಂತ ತಂದರೆ ಮೊದಲು ಜಿಪ್ ನೋಡುತ್ತೇನೆ. ಹೆಂಗಸರ ಉಡುಪಿಗೆ ಜಿಪ್ ಬಂದದ್ದೇ 30ರ ದಶಕದಲ್ಲಿ, ಅದೂ ಲೋಹದ್ದು. ನೈಲಾನ್ ಸುರುಳಿಯ ಜಿಪ್ ಇದ್ದರೆ ಅದು 60ರ ದಶಕದಿಂದ ಈಚೆಯದು, ಇಲ್ಲವೇ ಯಾರೋ ಜಿಪ್ ಬದಲಿಸಿದ್ದಾರೆ. ಹೇಗೆ ಒಗೆಯಬೇಕು ಅಂತ ಬರೆದ ಲೇಬಲ್ ಹೊಲಿದಿದ್ದರೆ ಇನ್ನೂ ಈಚೆಯದು. ಅಮೆರಿಕದಲ್ಲಿ ಅದನ್ನು ಕಡ್ಡಾಯ ಮಾಡಿದ ನಿಯಮ ಬಂದದ್ದು 1971ರಲ್ಲಿ. ಅಜ್ಜಿ ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಹೇಳಿಬಿಡುತ್ತೇನೆ.

ಹೋದ ವರ್ಷ ಒಂದು ಹುಡುಗಿ ನೂರು ವರ್ಷ ದಾಟಿದ ರೇಷ್ಮೆ ಗೌನು ಹಿಡಿದುಕೊಂಡು ಬಿಡಲೇ ಇಲ್ಲ. ಹಿಡಿದರೆ ತೂಕ, ಅಲುಗಿಸಿದರೆ ಸರಸರ ಸದ್ದು. ಆ ತೂಕವೇ ಮೋಸ ಕಣೋ. ರೇಷ್ಮೆಯ ಅಂಟನ್ನು ಕುದಿಸಿ ತೆಗೆದರೆ ಅದರ ತೂಕ ಕಾಲು ಭಾಗದಷ್ಟು ಇಳಿಯುತ್ತದೆ. ರೇಷ್ಮೆ ಮಾರುತ್ತಿದ್ದದ್ದು ತೂಕಕ್ಕೆ. ಹಾಗಾಗಿ 19ನೇ ಶತಮಾನದ ಕೊನೆಯಿಂದ ತಯಾರಕರು ಅದನ್ನು ತವರ ಅನ್ನುವ ಲೋಹದ ಉಪ್ಪಿನ ನೀರಿನಲ್ಲಿ ಅದ್ದಿ, ಹೋದ ತೂಕವನ್ನು ವಾಪಸ್ ತುಂಬುತ್ತಿದ್ದರು. ಕೆಲವರು ಹೋದದ್ದಕ್ಕಿಂತ ಜಾಸ್ತಿಯೇ ತುಂಬಿದರು. ಆ ಲೋಹ ಎಳೆಯನ್ನು ಒಳಗಿಂದ ತಿನ್ನುತ್ತದೆ. ಪೆಟ್ಟಿಗೆಯಲ್ಲಿ ಮಡಿಸಿಟ್ಟು ಯಾರೂ ಮುಟ್ಟದಿದ್ದರೂ ಒಂದು ದಿನ ಬಟ್ಟೆ ಉದ್ದುದ್ದ ಸೀಳುತ್ತದೆ, ಬ್ಲೇಡಿನಲ್ಲಿ ಗೀರಿದ ಹಾಗೆ. ಹೊಲಿದರೆ ಸೂಜಿ ಚುಚ್ಚಿದ ಕಡೆಯೂ ಸೀಳುತ್ತದೆ. ನಾನು ಮಡಿಕೆಯ ಜಾಗವನ್ನು ಬೆಳಕಿಗೆ ಹಿಡಿದು ತೋರಿಸಿದೆ. ಸಣ್ಣ ಸಣ್ಣ ಗೆರೆಗಳು. ‘ಇದನ್ನು ಹಾಕಿಕೊಂಡು ನೀನು ಕೂತರೆ ಏಳುವಾಗ ಗೌನು ಕುರ್ಚಿಯಲ್ಲೇ ಉಳಿಯುತ್ತೆ’ ಅಂದೆ. ಹುಡುಗಿ ಅತ್ತಳು. ಮಾರಲಿಲ್ಲ. ಆ ತಿಂಗಳ ಬಾಡಿಗೆ ಹೇಗೆ ಕಟ್ಟಿದೆ ಅಂತ ಕೇಳಬೇಡ.

ಬಟ್ಟೆಯ ಮಟ್ಟಿಗೆ ನಾನು ಹರಿಶ್ಚಂದ್ರ. ಆದರೆ ಬಟ್ಟೆ ಹಾಕಿಕೊಂಡವಳ ವಿಷಯ?

ಹಳೇ ಮದುವೆ ಗೌನು ನೋಡಲು ಬರುವ ಹತ್ತರಲ್ಲಿ ಎಂಟು ಹುಡುಗಿಯರು ಕನ್ನಡಿ ಮುಂದೆ ನಿಂತು ಒಂದು ಪ್ರಶ್ನೆ ಕೇಳುತ್ತಾರೆ. ಬೆಲೆಯದ್ದಲ್ಲ. ‘ಇದನ್ನು ಹಾಕಿಕೊಂಡಿದ್ದವರು ಚೆನ್ನಾಗಿ ಬಾಳಿದರಾ?’

ನನಗೆ ಹೇಗೆ ಗೊತ್ತಿರಬೇಕು ಮಾರಾಯ? ಮನೆ ಖಾಲಿ ಮಾಡುವವರ ಮೂಟೆಯಲ್ಲಿ ಬಂದ ಗೌನು ಅದು. ಕಂಕುಳಲ್ಲಿ ಬೆವರಿನ ಕಲೆ ನೋಡಿ ಅವತ್ತು ಸೆಕೆಯೋ ಹೆದರಿಕೆಯೋ ಇತ್ತು ಅಂತ ಹೇಳಬಲ್ಲೆ. ಅಂಚು ಸವೆದದ್ದು ನೋಡಿ ಕುಣಿದಿದ್ದಾಳೆ ಅಂತ ಹೇಳಬಲ್ಲೆ. ಮುಂದಿನ ಐವತ್ತು ವರ್ಷ ಗೌನಿನ ಮೇಲೆ ಬರೆದಿರುವುದಿಲ್ಲ. ಆದರೂ ನಾನು ‘ತುಂಬಾ’ ಅನ್ನುತ್ತೇನೆ. ಒಂದು ಕ್ಷಣವೂ ತಡೆಯುವುದಿಲ್ಲ. ಮೊದಮೊದಲು ‘ತುಂಬಾ’ ಅಷ್ಟೇ ಇತ್ತು. ಆಮೇಲೆ ಒಂದು ಹೂದೋಟ ಸೇರಿಕೊಂಡಿತು. ಆಮೇಲೆ ಮೊಮ್ಮಕ್ಕಳು. ಈಚೆಗೆ ಒಬ್ಬಳು ತೀರಿಕೊಳ್ಳುವಾಗ ಗಂಡ ಕೈ ಹಿಡಿದುಕೊಂಡಿದ್ದ ಅಂತಲೂ ಹೇಳಿದ್ದೇನೆ. ಯಾರ ಕೈ, ಯಾವ ಗಂಡ, ದೇವರೇ ಬಲ್ಲ.

ನಿಜವಾದ ಕಥೆ ಇರುವ ಗೌನುಗಳೂ ಇವೆ, ಅದಕ್ಕೇ ನನಗೆ ನಾಚಿಕೆ. ಅಮೆರಿಕದ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿ ಒಂದಿದೆ. ಕ್ಲಾಡ್ ಹೆನ್ಸಿಂಗರ್ ಅನ್ನುವ ಪೈಲಟ್ 1944ರಲ್ಲಿ ವಿಮಾನ ಕೆಟ್ಟು ನೈಲಾನ್ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿದ. ರಾತ್ರಿ ಅದನ್ನೇ ಹೊದ್ದು ಮಲಗಿದ. ವಾಪಸ್ ಬಂದು ಆ ಪ್ಯಾರಾಚೂಟನ್ನೇ ಕೊಟ್ಟು ತನ್ನ ಹುಡುಗಿಯನ್ನು ಮದುವೆಗೆ ಕೇಳಿದ. 1947ರಲ್ಲಿ ಅವಳು ಅದರಿಂದಲೇ ಹೊಲಿಸಿದ ಗೌನಿನಲ್ಲಿ ಮದುವೆಯಾದಳು. ಇಂಥದ್ದೊಂದು ನನ್ನ ಕೈಗೆ ಬಂದಿದ್ದರೆ ನಾನು ಹೂದೋಟ ಸೃಷ್ಟಿ ಮಾಡುತ್ತಿದ್ದೆನಾ? ಮಾಡುತ್ತಿದ್ದೆ, ಬಿಡು. ಚಟ.

ಸರಿ, ಸೋಡಾಕ್ಕೆ ಬರುತ್ತೇನೆ.

ನಮ್ಮ ವ್ಯಾಪಾರದಲ್ಲಿ ಒಂದು ಲೆಕ್ಕ ಇದೆ. ನೂರು ವರ್ಷ ದಾಟಿದರೆ ಆಂಟಿಕ್. ಇಪ್ಪತ್ತು ದಾಟಿದರೆ ವಿಂಟೇಜ್. ಈ ವರ್ಷ ಚಳಿ ಶುರುವಾದಾಗ ಮದುವೆ ಗೋಡೆಯಲ್ಲಿ ಒಂದು ಹ್ಯಾಂಗರ್ ಖಾಲಿ ಉಳಿಯಿತು. ಅಟ್ಟದಿಂದ ಪೆಟ್ಟಿಗೆ ಇಳಿಸಿ ನೋಡುತ್ತೇನೆ, ನನ್ನದೇ ಗೌನು ವಿಂಟೇಜ್ ಆಗಿದೆ. ಕಾನೂನು ಪ್ರಕಾರ.

ನಗು, ಪರವಾಗಿಲ್ಲ. ಇನ್ನೂ ಇದೆ. ಇಷ್ಟು ವರ್ಷ ಅದನ್ನು ರೇಷ್ಮೆ ಅಂದುಕೊಂಡಿದ್ದೆ. ಬೇರೆಯವರ ಗೌನಿನಲ್ಲಿ ಮಾಡುವ ಹಾಗೆ ಒಳಹೊಲಿಗೆಯಿಂದ ಒಂದು ಎಳೆ ಕತ್ತರಿಸಿ ಕಡ್ಡಿ ಗೀರಿದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಬೆರಳಲ್ಲಿ ಪುಡಿಯಾಗಬೇಕು. ನನ್ನದು ಮುದುಡಿ, ಕರಗಿ, ಕರೀ ಮಣಿಯಾಗಿ ಗಟ್ಟಿಯಾಯಿತು. ಅಪ್ಪಟ ಪಾಲಿಯೆಸ್ಟರ್! ರೇಷ್ಮೆಗೆ ಕೊಡಬೇಕಾದ ಹಣ ಕೊಟ್ಟಿದ್ದೆ. ಬೆನ್ನ ಮೇಲಿನ ಆ ಬೋ, ಆ ರಿಬ್ಬನ್ ಗಂಟಿನ ಬಗ್ಗೆ ಏನೂ ಹೇಳಬೇಡ. ಅವತ್ತೇ ಹೇಳಿದ್ದೀಯ, ಮೈಕಿನಲ್ಲಿ.

ಆಮೇಲೆ ಅಂಚು ಬಿಡಿಸಿದೆ. ಎಡಗಡೆ, ಮಂಡಿಯಿಂದ ಕೆಳಗೆ, ಅಂಗೈಯಷ್ಟಗಲ ಕಂದು ಕಲೆ. ಚಹಾ ಚೆಲ್ಲಿದ ಬಣ್ಣ, ಸುತ್ತ ಒಂದು ಗಾಢ ಗೆರೆ. ಮಡಿಸಿಡುವಾಗ ಅದು ಇರಲಿಲ್ಲ. ಆಣೆ ಮಾಡುತ್ತೇನೆ, ಇರಲಿಲ್ಲ.

ಮದುವೆ ಗೌನು ನೋಡಿಕೊಳ್ಳುವವರಿಗೆಲ್ಲ ಗೊತ್ತಿರುವ ಕಲೆ ಅದು. ತಿಳಿಯಾದ ಸಿಹಿ ಪಾನೀಯ ಚೆಲ್ಲಿದರೆ ಅವತ್ತು ಏನೂ ಕಾಣಿಸುವುದಿಲ್ಲ. ನೀರು ಆರುತ್ತದೆ, ಸಕ್ಕರೆ ಎಳೆಯಲ್ಲಿ ಉಳಿಯುತ್ತದೆ. ವರ್ಷಗಳು ಹೋದ ಹಾಗೆ ಅದು ಹಳದಿಯಾಗಿ, ಆಮೇಲೆ ಕಂದಾಗುತ್ತದೆ. ಅದಕ್ಕೇ ನಾನು ಪ್ರತಿಯೊಬ್ಬ ಮದುಮಗಳಿಗೂ ಬಡಕೊಳ್ಳುತ್ತೇನೆ, ಕಲೆ ಕಾಣಲಿ ಬಿಡಲಿ, ಮಡಿಸಿಡುವ ಮುಂಚೆ ತೊಳೆಸಿ ಅಂತ. ನಾನು ತೊಳೆಸಿರಲಿಲ್ಲ.

‘ಏನೂ ಆಗಿಲ್ಲ, ಬರೀ ಸಿಹಿ ಸೋಡಾ, ಒಣಗಿಹೋಗುತ್ತೆ’ ಅಂದವರು ಯಾರು, ಸಾಹೇಬರೇ?

(ಇದನ್ನು ಗಾದೆ ಮಾಡಿ ನನಗೆ ವಾಪಸ್ ಕಳಿಸಬೇಡ. ಬಾಯಿ ತುದಿಗೆ ಬಂದಿರುತ್ತೆ ಅಂತ ಗೊತ್ತು.)

ಅಂಗಡಿಗೆ ಯಾವ ಬಟ್ಟೆ ಬಂದರೂ ಚೀಟಿ ಬರೆಯುವುದು ನಮ್ಮ ಮನೆಯ ಲೆಕ್ಕದವರು. ನಾನು ಗೌನನ್ನು ಬೇರೆ ನಾಲ್ಕು ಗೌನುಗಳ ಜೊತೆ ಮೇಜಿನ ಮೇಲೆ ಹಾಕಿ ಟೀ ಮಾಡಲು ಹೋದೆ. ಹ್ಯಾಂಗರ್ ಖಾಲಿಯಿತ್ತು, ಅದಕ್ಕೆ ಹಾಕಿದೆ ಅಂತ ಮೇಲೆ ಬರೆದೆನಲ್ಲ, ಅದು ಪೂರ್ತಿ ನಿಜ ಅಲ್ಲ. ಅವರು ಗುರುತು ಹಿಡಿಯುತ್ತಾರಾ ನೋಡಬೇಕಿತ್ತು. ಬಾಗಿಲ ಸಂದಿಯಿಂದ ನೋಡುತ್ತಾ ನಿಂತಿದ್ದೆ, ಈ ವಯಸ್ಸಿನಲ್ಲಿ. ಅವರು ಎತ್ತಿದರು, ತಿರುಗಿಸಿದರು, ಭುಜದಿಂದ ಅಂಚಿನವರೆಗೆ ಟೇಪು ಹಿಡಿದರು. ಬೋ ನೋಡಿದರು. ಬರೆದರು. ಚೀಟಿ ನನ್ನ ಮುಂದೆಯೇ ಇದೆ, ಇದ್ದ ಹಾಗೇ ಬರೆಯುತ್ತೇನೆ:

‘ಬಿಳಿ. ಸ್ಯಾಟಿನ್. ಮೀಡಿಯಂ. ಅಂಚಿನಲ್ಲಿ ಕಲೆ. ಬೋ ತೆಗೆದರೆ ಮಾರಿಹೋಗಬಹುದು.’

ನಾನು ಮೂರು ದಿನ ಕಾದೆ. ಊಟಕ್ಕೆ ಕೂತಾಗ, ಅಂಗಡಿ ಬಾಗಿಲು ಎಳೆಯುವಾಗ, ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ. ಒಳ್ಳೆಯ ಮನುಷ್ಯ ಕಣೋ, ನಿನಗೂ ಗೊತ್ತು. ನನ್ನ ಕನ್ನಡಕ ಎಲ್ಲಿದೆ ಅಂತ ನನಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ನನಗೆ ಜ್ವರ ಬಂದರೆ ಅವರೇ ಗುಂಡುಸೂಜಿ ಕಚ್ಚಿಕೊಂಡು ಗಿರಾಕಿ ಮುಂದೆ ಮಂಡಿಯೂರುತ್ತಾರೆ. ನಮ್ಮಲ್ಲಿ ಜಗಳ ಇಲ್ಲ. ಸ್ಟಾಕು, ಬಾಡಿಗೆ, ನುಸಿ, ಡ್ರೈಕ್ಲೀನಿಂಗ್, ಇದರ ಆಚೆ ಮಾತೂ ಇಲ್ಲ. ಅದು ಯಾವಾಗ ನಿಂತಿತು ಅಂತ ಹುಡುಕಿದರೆ ನನಗೆ ತಾರೀಖು ಸಿಗುತ್ತಿಲ್ಲ. ಜಿಪ್ ನೋಡಿ ದಶಕ ಹೇಳುವವಳು ನಾನು.

ನಾಲ್ಕನೇ ದಿನ ಒಬ್ಬಳು ಹುಡುಗಿ ಬಂದಳು. ಒಬ್ಬಳೇ ಬಂದಿದ್ದಳು, ಅದೇ ಅಪರೂಪ. ಗೋಡೆ ಪೂರ್ತಿ ಬಿಟ್ಟು ನನ್ನದಕ್ಕೇ ಕೈ ಹಾಕಿದಳು. ಹಾಕಿಕೊಂಡು ಹೊರಗೆ ಬಂದಳು. ಬೋ ಅವಳಿಗೆ ಚೆನ್ನಾಗಿ ಕಂಡಿತು, ನಂಬು. ಬೆನ್ನು ತಿರುಗಿಸಿ ಕನ್ನಡಿಯಲ್ಲಿ ನೋಡಿಕೊಂಡು ಕೇಳಿದಳು, ‘ಇದನ್ನು ಹಾಕಿಕೊಂಡಿದ್ದವರು ಚೆನ್ನಾಗಿದ್ದರಾ ಆಂಟಿ?’

ನೂರು ಸಲ ಹೇಳಿದ ಮಾತು. ಬಾಯಲ್ಲಿ ಸೂಜಿಯೂ ಇರಲಿಲ್ಲ. ಬರಲಿಲ್ಲ.

‘ವಿಚಾರಿಸಿ ಹೇಳ್ತೀನಿ’ ಅಂದೆ.

ವಿಚಾರಿಸಿ ಹೇಳ್ತೀನಿ! ಯಾರನ್ನ? ಆ ಹುಡುಗಿ ನನ್ನ ಮುಖ ನೋಡಿದಳು, ಅಂಚು ಎತ್ತಿ ಕಲೆ ನೋಡಿದಳು, ಥ್ಯಾಂಕ್ಸ್ ಅಂದಳು, ಹೋದಳು. ನಾನು ಟ್ರಯಲ್ ರೂಮಿನ ಸ್ಟೂಲ್ ಮೇಲೆ ಗೌನು ತೊಡೆ ಮೇಲಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಈ ಗೌನು ಹಾಕಿಕೊಂಡಿದ್ದವಳು ಸಂತೋಷವಾಗಿದ್ದಾಳಾ ಅಂತಲ್ಲ ನಾನು ಯೋಚನೆ ಮಾಡುತ್ತಿದ್ದದ್ದು. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಕೇಳಿರಲೇ ಇಲ್ಲವಲ್ಲ ಅಂತ. ಕೇಳಿದವಳೂ ನನ್ನನ್ನು ಅಂತ ಗೊತ್ತಿಲ್ಲದೆ ಕೇಳಿದಳು. ನೋಡಿದ ತಕ್ಷಣ ಈ ಗೌನಿನ ಗುರುತು ಹಿಡಿಯುವವನು ನೀನೊಬ್ಬನೇ ಅಂತ ಅನ್ನಿಸಿತು.

ಕಲೆ ನೋಡಿ, ಹೆದರಿ. ಬೇರೆ ಯಾವ ಕಾರಣಕ್ಕೂ ಅಲ್ಲ. ಹಿಗ್ಗಬೇಡ.

ನಾನು ಬರೆಯಬೇಕು ಅಂತ ಕೂತದ್ದು ಸೋಡಾ ಬಗ್ಗೆ ನಾಲ್ಕು ಸಾಲು. ಎಲ್ಲಿಗೋ ಹೋಯಿತು. ಚಳಿಗಾಲದಲ್ಲಿ ವ್ಯಾಪಾರ ಕಡಿಮೆ, ಕೈಗೆ ಕೆಲಸವಿಲ್ಲ, ಸುಮ್ನೆ ಕೂತರೆ ಹೀಗೇ. ಮದುವೆ ಸೀಸನ್ ಶುರುವಾದರೆ ಉಸಿರಾಡೋಕೂ ಪುರುಸೊತ್ತು ಇರುವುದಿಲ್ಲ, ಆಗ ಸರಿಹೋಗುತ್ತೇನೆ. ಇದನ್ನು ಓದಿ ನನಗೆ ಸಮಾಧಾನ ಹೇಳಬೇಕು ಅನ್ನಿಸಿದ ಉಳಿದವರೆಲ್ಲ ದಯವಿಟ್ಟು ಒಂದು ಗೌನು ಕೊಳ್ಳಿ.

ಪಾಲಿಯೆಸ್ಟರ್ ಆದ್ದರಿಂದ ಒಂದು ಉಪಕಾರವಾಗಿದೆ. ರೇಷ್ಮೆಯಾಗಿದ್ದರೆ ನೀರಿಗೆ ಹಾಕೋಕೆ ಹೆದರಬೇಕಿತ್ತು. ಇದನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿದರೆ ಕಲೆ ಬಹುಶಃ ಬಿಡುತ್ತದೆ. ಬಿಸಿ ತಾಗಿಸಬಾರದು, ಇಸ್ತ್ರಿ ಮಾಡಬಾರದು, ಅಷ್ಟೇ. ಬಕೆಟ್ ತುಂಬಿಸಿಟ್ಟೂ ಆಗಿದೆ, ಎರಡು ಸಲ. ಎರಡು ಸಲವೂ ಆ ನೀರಲ್ಲಿ ನೆಲ ಒರೆಸಿದೆ.

ನಿನ್ನೆ ಸಂಜೆ ಲೆಕ್ಕದವರು ಪುಸ್ತಕದಿಂದ ತಲೆ ಎತ್ತಿ, ‘ಆ ಬೋ ಗೌನು ಗೋಡೆಯಲ್ಲಿಲ್ಲ, ಬಿಲ್ಲೂ ಇಲ್ಲ, ಯಾರಿಗೆ ಕೊಟ್ಟೆ?’ ಅಂದರು.

‘ಒಬ್ಬಳು ತಗೊಂಡಳು’ ಅಂದೆ.

‘ಕಲೆ ತೋರಿಸಿದೆ ತಾನೆ?’

‘ತೋರಿಸಿದೆ.’

‘ಸರಿ’ ಅಂತ ಗೆರೆ ಎಳೆದರು. ಆಮೇಲೆ ಪೆನ್ನು ಕೆಳಗಿಡದೆ ಇನ್ನೂ ಒಂದು ಕ್ಷಣ ಆ ಸಾಲನ್ನೇ ನೋಡುತ್ತಿದ್ದರು. ಮೊತ್ತ ಬರೆದಿಲ್ಲ ಅಂತಲೇ ಇರಬೇಕು.

ಡ್ರೈಕ್ಲೀನಿಂಗ್ ಬಿಲ್ ನಿನ್ನ ವಿಳಾಸಕ್ಕೆ ಕಳಿಸುತ್ತೇನೆ, ಇಪ್ಪತ್ತು ವರ್ಷದ ಬಡ್ಡಿ ಸೇರಿಸಿ. ನೀನು ಬಂದರೆ ಬಿಲ್ ಇಲ್ಲ, ಕೈಗೆ ಬಕೆಟ್ ಕೊಡುತ್ತೇನೆ.

ಇಂತಿ,
ಬೋ ಮಹಾರಾಣಿ

ಮರೆತೆ: ಮೂರನೇ ಕೊಡೆ ಇನ್ನೂ ನನ್ನ ಹತ್ತಿರವೇ ಇದೆ. ಅದನ್ನು ಮಾತ್ರ ಯಾವ ಕಾರಣಕ್ಕೂ ವಾಪಸ್ ಕೊಡುವುದಿಲ್ಲ.