ಡಿಗ್ರಿ ಎಣಿಸಿದರೆ ಓದು ಎಣಿಸಿದ ಹಾಗಾಗುತ್ತದಾ?

ಪುಟ್ಟೀ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಗಿರಾಕಿಗಳ ನಡುವೆ ಸರಿಯಾಗಿ ಉತ್ತರ ಕೊಡೋಕಾಗಲಿಲ್ಲ. ಡಿಗ್ರಿ ಆದವರು ಜಾಸ್ತಿ ಇದ್ದರೆ ಜನ ವಿದ್ಯಾವಂತರು ಅಂತ ನಿಮ್ಮ ಕ್ಲಾಸಿನಲ್ಲಿ ಹೇಳಿದರಂತೆ. ನಾನು ಒಪ್ಪಲ್ಲ.

ನಮ್ಮ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರನ್ನೇ ನೋಡು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿ ಮಾಡುತ್ತಲೇ, ಯಾವ ತಾಯಿಮರದ ಬೀಜವನ್ನು ಯಾವ ಹೊತ್ತಿಗೆ ಆರಿಸಬೇಕು, ಅದನ್ನು ಹೇಗೆ ಮೊಳಕೆ ಬರಿಸಬೇಕು ಅಂತೆಲ್ಲ ಕಲಿತರು. ಜನ ಅವರನ್ನು ಕಾಡಿನ ವಿಶ್ವಕೋಶ ಅಂದರು. 2021ರಲ್ಲಿ ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತಗೊಂಡರು. ಜನಗಣತಿಯ ಲೆಕ್ಕದಲ್ಲಿ ಮಾತ್ರ ಅವರು ಅನಕ್ಷರಸ್ಥೆಯಾಗಿದ್ದರು. 7 ವರ್ಷ ತುಂಬಿ, ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆಯುವವರಷ್ಟೇ ಅಲ್ಲಿ ಸಾಕ್ಷರರು. 2011ರಲ್ಲಿ ಕರ್ನಾಟಕದಲ್ಲಿ 7 ವರ್ಷ ತುಂಬಿದ 100 ಜನರಲ್ಲಿ ಅಂಥವರು 75. ಅಲ್ಲಿ 'ಅರ್ಥ ಮಾಡಿಕೊಂಡು' ಅನ್ನುವ ಮಾತಾದರೂ ಇದೆ. ಡಿಗ್ರಿ ಎಣಿಸುವಾಗ ಅದನ್ನೂ ಯಾರೂ ಕೇಳಲ್ಲ.

ಹೋದ ವಾರ ನಮ್ಮ ಜೆರಾಕ್ಸ್ ಅಂಗಡಿಗೆ ಒಬ್ಬ ಹುಡುಗ ಬಂದಿದ್ದ. ಬಿ.ಕಾಂ., ಫಸ್ಟ್ ಕ್ಲಾಸ್. ಕೈಯಲ್ಲಿ ಬೈಕ್ ಸಾಲದ ಕಾಗದ, ಅದರಲ್ಲಿ ಫ್ಲಾಟ್ ಬಡ್ಡಿ ಅಂತ ಬರೆದಿತ್ತು. ಕಂತು ಕಟ್ಟಿ ಕಟ್ಟಿ ಅಸಲು ಕರಗಿದರೂ ಬಡ್ಡಿಯನ್ನು ಮೊದಲು ಕೊಟ್ಟ ಪೂರ್ತಿ ಮೊತ್ತದ ಮೇಲೇ ಹಾಕ್ತಾರೆ ಅನ್ನೋದು ಅವನಿಗೆ ಗೊತ್ತೇ ಇರಲಿಲ್ಲ. ಹಾಳೆ ತೆಗೆದು ಲೆಕ್ಕ ಮಾಡಿ ತೋರಿಸಿದೆ. ಎರಡು ನಿಮಿಷದಲ್ಲಿ ಹಿಡಿದುಕೊಂಡ, ಜಾಣ ಹುಡುಗ! ಮೂರು ವರ್ಷ ಗೈಡ್ ಬಾಯಿಪಾಠ ಮಾಡಿಸಿದವರಿಗೆ ಇದನ್ನು ಹೇಳಿಕೊಡೋಕೆ ಏನಾಗಿತ್ತು ಅಂತ ಹೊಟ್ಟೆ ಉರಿಯಿತು. ಬುಡದಲ್ಲೂ ಇದೇ ಕತೆ. ಹಳ್ಳಿ ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತೆ ಅಂತ ನೋಡುವ ಅಸರ್ ಸಮೀಕ್ಷೆಯ 2022ರ ವರದಿ ಪ್ರಕಾರ ದೇಶದ ಹಳ್ಳಿಗಳಲ್ಲಿ ಐದನೇ ಕ್ಲಾಸಿನ 100 ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು ಸುಮಾರು 43 ಮಂದಿ. ಉಳಿದವರಲ್ಲೂ ಎಷ್ಟೋ ಮಕ್ಕಳು ಪಾಸಾಗುತ್ತಾ ಆಗುತ್ತಾ ಕಾಲೇಜಿಗೆ ಬರ್ತಾರೆ, ಅಲ್ವಾ?

ಹಾಗಂತ ಡಿಗ್ರಿ ಬೇಡ ಅಂತಲ್ಲ. ಅಷ್ಟು ತಿಳಿದ ತುಳಸಿ ಗೌಡರೂ ದಶಕಗಟ್ಟಲೆ ದಿನಗೂಲಿಯಲ್ಲೇ ದುಡಿಯಬೇಕಾಯಿತು. ಸರ್ಟಿಫಿಕೇಟ್ ಇಲ್ಲದವರ ತಿಳಿವಳಿಕೆಗೆ ನಮ್ಮಲ್ಲಿ ಸಂಬಳ ಸಿಗಲ್ಲ. ಅದು ಅನ್ಯಾಯ, ಆದರೆ ಇರೋದು ಹಾಗೇ. ಅದಕ್ಕೇ ನೀನು ಡಿಗ್ರಿ ಮುಗಿಸಲೇಬೇಕು.

ಸೋಮವಾರ ಫೀಸು ಹಾಕುತ್ತೇನೆ. ಅರ್ಥಶಾಸ್ತ್ರಕ್ಕೆ ಗೈಡ್ ತಗೋಬೇಡ, ಟೆಕ್ಸ್ಟ್ ಬುಕ್ಕೇ ತಗೋ. ಎಷ್ಟಾಗುತ್ತೆ ಅಂತ ತಿಳಿಸು, ಅದನ್ನೂ ಸೇರಿಸಿ ಹಾಕುತ್ತೇನೆ.

ನಿನ್ನ ಅಪ್ಪ