ಕೋಟೆ ಊರಿಗೆ ಸಿಮೆಂಟ್ ಕೋಟೆ ಬೇಡ

ಮಾನ್ಯ ಸಂಪಾದಕರೇ,

ಚಿತ್ರದುರ್ಗದ ಹಳೇ ಊರಿನಲ್ಲಿ ಇನ್ನು ಮುಂದೆ ಯಾವ ಸರ್ಕಾರಿ ಕಟ್ಟಡ ಕಟ್ಟಿದರೂ ಅದು ಕೋಟೆಯ ಹಾಗೇ ಕಾಣಬೇಕು ಎಂದು ಓದುಗರೊಬ್ಬರು ಮೊನ್ನೆ ಇದೇ ಅಂಕಣದಲ್ಲಿ ಬರೆದಿದ್ದರು. ಅವರ ಸಂಕಟ ನನಗೂ ಇದೆ. ರಂಗಯ್ಯನ ಬಾಗಿಲು, ಆನೆಬಾಗಿಲು, ಸಂತೆಪೇಟೆ ಕಡೆ ಒಂದು ಸುತ್ತು ಹಾಕಿದರೆ ಸಾಕು, ನೀಲಿ ಗಾಜು ಮತ್ತು ಗೋಡೆಗೆ ಹೊದಿಸುವ ಹೊಳೆಯುವ ಅಲ್ಯೂಮಿನಿಯಂ ಹಲಗೆ, ಅಂದರೆ ಎಸಿಪಿ ಶೀಟು, ಕಣ್ಣಿಗೆ ರಾಚುತ್ತವೆ. ಹಿಂದೆ ಬಂಡೆ ಬೆಟ್ಟ, ಮುಂದೆ ಮೊಬೈಲ್ ಶೋರೂಮಿನಂಥ ಕಟ್ಟಡ. ಆದರೆ ಅವರು ಹೇಳಿದ ಮದ್ದಿಗೆ ನನ್ನ ಒಪ್ಪಿಗೆ ಇಲ್ಲ.

ಕೋಟೆಯ ಹಾಗೆ ಕಾಣಬೇಕು ಅಂದರೆ ನಮ್ಮಲ್ಲಿ ಏನು ಮಾಡುತ್ತಾರೆ, ಹೇಳಿ. ಮಾಮೂಲಿ ಆರ್‌ಸಿಸಿ ಕಟ್ಟಡ ಎಬ್ಬಿಸುತ್ತಾರೆ. ಮೇಲೆ ಸಿಮೆಂಟಿನ ತೆನೆ, ಅಂದರೆ ಕೋಟೆಗೋಡೆಯ ತುದಿಯ ಹಲ್ಲಿನಂಥ ಸಾಲು, ಕೂರಿಸುತ್ತಾರೆ. ಎರಡು ಮೂಲೆಗೆ ಎರಡು ಬತೇರಿ, ಕಾವಲು ಬುರುಜಿನ ಹಾಗೆ. ಗಾರೆ ಹಸಿ ಇರುವಾಗಲೇ ಗೆರೆ ಎಳೆದು, ಕಲ್ಲು ಜೋಡಿಸಿದ ಹಾಗೆ ತೋರಿಸಿ, ಕಂದು ಬಣ್ಣ ಬಳಿಯುತ್ತಾರೆ. ಎರಡು ಮಳೆಗಾಲ ಕಳೆದರೆ ಬಣ್ಣ ಹೋಗಿ ಗೆರೆ ಮಾತ್ರ ಉಳಿಯುತ್ತದೆ. ಅಸಲಿ ಕೋಟೆ ಕಣ್ಣೆದುರೇ ನಿಂತಿರುವಾಗ ಈ ನಕಲಿಗೆ ಏನು ಕೆಲಸ? ಕಾಂಪೌಂಡ್ ಗೋಡೆಗೆ ಒಂದು ತೂತು ಬಿಟ್ಟು ಓಬವ್ವನ ಕಿಂಡಿ ಅಂತ ಬೋರ್ಡ್ ಹಾಕುವುದೊಂದು ಬಾಕಿ.

ನಮ್ಮ ಏಳುಸುತ್ತಿನ ಕೋಟೆಯಲ್ಲಿ ಸುಮ್ನೆ ತೋರಿಕೆಗೆ ಅಂತ ಕಟ್ಟಿದ್ದು ಬಹಳ ಕಡಿಮೆ. ಬಾಗಿಲುಗಳ ದಾರಿ ನೇರ ಇಲ್ಲ, ತಿರುಗಿ ತಿರುಗಿ ಹೋಗುತ್ತದೆ. ಆನೆ ದೂರದಿಂದ ಓಡಿಬಂದು ಬಾಗಿಲಿಗೆ ಗುದ್ದಬಾರದು ಅಂತ. ಕಲ್ಲು ಆಚೆಯಿಂದ ತಂದದ್ದಲ್ಲ, ಅಲ್ಲಿನ ಬಂಡೆಯದ್ದೇ. ಬಂಡೆ ಸೀಳಲು ಸಾಲಾಗಿ ಕೊರೆದ ಚೌಕದ ಗುಳಿಗಳು ಈಗಲೂ ಕಾಣುತ್ತವೆ, ಬೆರಳಿಟ್ಟು ನೋಡಬಹುದು. ಎಷ್ಟೋ ಕಡೆ ಕಲ್ಲಿಗೂ ಕಲ್ಲಿಗೂ ನಡುವೆ ಗಾರೆಯೇ ಇಲ್ಲ, ಆದರೂ ಗೋಡೆ ನಿಂತಿದೆ. ಇನ್ನು ನೀರು. ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ, ಅದರ ಕೆಳಗೆ ಅಕ್ಕ-ತಂಗಿ ಹೊಂಡ, ಊರ ಕಡೆ ಸಿಹಿನೀರು ಹೊಂಡ, ಸಂತೆ ಹೊಂಡ. ಮೇಲಿನದು ತುಂಬಿದರೆ ನೀರು ಕೆಳಗಿನದಕ್ಕೆ. ಮಳೆ ಕಡಿಮೆ ಬೀಳುವ ಸೀಮೆಯಲ್ಲಿ ಒಂದು ಹನಿಯೂ ದಂಡವಾಗಬಾರದು ಎಂಬ ಲೆಕ್ಕಾಚಾರ ಅದು. ನಾಯಕರ ಆಳ್ವಿಕೆ 1779ರಲ್ಲಿ ಮುಗಿಯಿತು, ಹೊಂಡಗಳಲ್ಲಿ ಈಗಲೂ ನೀರು ನಿಲ್ಲುತ್ತದೆ.

ಕೋಟೆಯಿಂದ ಕಲಿಯುವುದಿದ್ದರೆ ಇದನ್ನು ಕಲಿಯಬೇಕು, ತೆನೆಯನ್ನಲ್ಲ.

ಅಮ್ಮನ ಪಿಂಚಣಿ ಕೆಲಸಕ್ಕೆ ನಾನು ಆಗಾಗ ಒಂದು ಹೊಸ ಕಚೇರಿಗೆ ಹೋಗುತ್ತೇನೆ. ಹೆಸರು ಬೇಡ, ಇಂಥವು ಎಲ್ಲ ಊರಲ್ಲೂ ಇವೆ. ಪಶ್ಚಿಮದ ಗೋಡೆ ಪೂರ್ತಿ ಗಾಜು. ಮಧ್ಯಾಹ್ನ ಎರಡು ಗಂಟೆ ಮೇಲೆ ಒಳಗೆ ಕೂತವರ ತಲೆ ಕಾಯುತ್ತದೆ. ಗಾಜು ತೆರೆಯುವ ಹಾಗಿಲ್ಲ, ಹಾಗಾಗಿ ಒಳಗಿನಿಂದ ರಟ್ಟು, ಹಳೇ ಕ್ಯಾಲೆಂಡರ್ ಅಂಟಿಸಿಕೊಂಡಿದ್ದಾರೆ. ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿ ಕರೆಂಟ್ ತೆಗೆಯುವ ಊರು ನಮ್ಮದು. ಕಚೇರಿಯೊಳಕ್ಕೆ ಮಾತ್ರ ಗಾಳಿ ಬರುವುದಿಲ್ಲ! ಮೆಟ್ಟಿಲಿಗೆ ಪಾಲಿಶ್ ಮಾಡಿದ ಗ್ರಾನೈಟ್. ಮಳೆ ಬಂದ ದಿನ ಅಟೆಂಡರ್ ಅದರ ಮೇಲೆ ಗೋಣಿಚೀಲ ಹಾಸುತ್ತಾರೆ, ವಯಸ್ಸಾದವರು ಜಾರಿ ಬೀಳಬಾರದಲ್ಲ. ಎಸಿಪಿ ಶೀಟಿನ ಸಂದಿಯಲ್ಲಿ ಪಾರಿವಾಳದ ಸಂಸಾರ. ಚಾವಣಿಯ ನೀರು ಪೈಪಿನಲ್ಲಿ ಇಳಿದು ನೇರ ರಸ್ತೆಗೆ. ಹೊರಗೆ ಕಾಯುವವರಿಗೆ ಒಂದು ಜಗುಲಿಯೂ ಇಲ್ಲ. ಹಳೇ ಪೇಟೆಯ ಮನೆಗಳಲ್ಲಿ ದಾರಿಹೋಕರಿಗೂ ಜಗುಲಿ ಇರುತ್ತಿತ್ತು.

ಹಾಗಂತ ನಾನು ಹೊಸ ಶೈಲಿಯ ವಿರೋಧಿ ಅಲ್ಲ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ನೋಡಿದವರಿಗೆ ಗೊತ್ತು. ಅದನ್ನು ಯೋಜಿಸಿದವರು ವಾಸ್ತುಶಿಲ್ಪಿ ಬಿ.ವಿ. ದೋಶಿ, 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಪಡೆದವರು. ಫತೇಪುರ್ ಸಿಕ್ರಿಯ ಅಂಗಳಗಳು, ಮಧುರೆ ದೇವಸ್ಥಾನದ ಓಣಿಗಳು ಅವರ ಮನಸ್ಸಿನಲ್ಲಿದ್ದವು. ಆದರೆ ಅಲ್ಲಿ ಗುಮ್ಮಟವೂ ಇಲ್ಲ, ಗೋಪುರವೂ ಇಲ್ಲ. ಒರಟು ಬೂದುಗಲ್ಲಿನ ಗೋಡೆ, ಉದ್ದನೆಯ ಪಡಸಾಲೆ, ಮೇಲಿನ ತೊಲೆಗಳ ಸಂದಿಯಿಂದ ಬೀಳುವ ಬೆಳಕು, ಬಳ್ಳಿ. ನಡೆಯುತ್ತಾ ಹೋದರೆ ಹಳೇ ಊರೊಂದರ ನೆನಪಾಗುತ್ತದೆ, ಯಾವ ಊರು ಅಂತ ಹೇಳಲಾಗುವುದಿಲ್ಲ. ಆ ಒರಟು ಕಲ್ಲು ನಮ್ಮಲ್ಲಿಲ್ಲವೇ?

ಗಾಜಿನ ಮೇಲೂ ನನಗೆ ಸಿಟ್ಟಿಲ್ಲ. ಪ್ಯಾರಿಸ್ಸಿನಲ್ಲಿ ಈಗ ಮ್ಯೂಸಿಯಂ ಆಗಿರುವ ಲೂವ್ರ್ ಅರಮನೆಯ ಅಂಗಳದಲ್ಲಿ ವಾಸ್ತುಶಿಲ್ಪಿ ಐ.ಎಂ. ಪೇಯ್ 1989ರಲ್ಲಿ ಗಾಜಿನ ಪಿರಮಿಡ್ ನಿಲ್ಲಿಸಿದರು. ಊರಿಗೆ ಊರೇ ಬೈದಿತ್ತು. ಈಗ ಜನ ಕ್ಯೂ ನಿಂತು ಅದರೊಳಗಿಂದಲೇ ಮ್ಯೂಸಿಯಂಗೆ ಇಳಿಯುತ್ತಾರೆ. ಅಲ್ಲಿ ಗಾಜಿಗೊಂದು ಕೆಲಸ ಇದೆ, ನೆಲದಡಿಯ ಹಜಾರಕ್ಕೆ ಬೆಳಕು ಕೊಡುವುದು. ನಮ್ಮ ಕಚೇರಿಯ ಗಾಜಿಗೆ ಏನು ಕೆಲಸ? ಉದ್ಘಾಟನೆಯ ಫೋಟೋದಲ್ಲಿ ಮಿಂಚುವುದು, ಅಷ್ಟೇ ಅಲ್ವಾ?

ಪುರಾತತ್ವ ಇಲಾಖೆಯ ಕಾನೂನು ಇದೆಯಲ್ಲ ಎನ್ನಬಹುದು. ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಇದರ ಬಿಸಿ ಹೆಚ್ಚಾಗಿ ತಟ್ಟುವುದು ಹಳೇ ಮನೆ ರಿಪೇರಿಗೆ ಅರ್ಜಿ ಹಿಡಿದು ಓಡಾಡುವ ಬಡವರಿಗೆ. ಒಂದೊಂದು ಸ್ಮಾರಕದ ಸುತ್ತಲಿನ ಕಟ್ಟಡಗಳು ಹೇಗಿರಬೇಕು ಎಂದು ಪ್ರತ್ಯೇಕ ಬೈಲಾ ಮಾಡಲು 2010ರ ತಿದ್ದುಪಡಿಯಲ್ಲೇ ಅವಕಾಶ ಇದೆ. ಆದರೆ 300 ಮೀಟರ್ ದಾಟಿದ ಮೇಲೆ ಅದೂ ಇಲ್ಲ. ಅಲ್ಲಿಂದ ಮುಂದೆ ಎಲ್ಲ ಟೆಂಡರ್ ಮೇಲೆ. ಯಾರ ರೇಟು ಕಡಿಮೆಯೋ ಅವರಿಗೆ ಕೆಲಸ. ನಕ್ಷೆ ಬೇರೆ ಯಾವುದೋ ತಾಲ್ಲೂಕಿನದ್ದೇ, ಹೆಸರು ಮಾತ್ರ ಬದಲು ಎಂಬ ಅನುಮಾನ ನನ್ನೊಬ್ಬನದೇ ಅಲ್ಲ.

ನಗರಸಭೆಗೆ, ಜಿಲ್ಲಾಡಳಿತಕ್ಕೆ ನನ್ನದು ಒಂದೇ ಕೋರಿಕೆ. ಹಳೇ ಊರಿನಲ್ಲಿ ಏನೇ ಕಟ್ಟುವುದಿದ್ದರೂ ಟೆಂಡರ್ ಕರೆಯುವ ಮೊದಲು ಅದರ ನಕ್ಷೆ ಮತ್ತು ಮಾದರಿಯನ್ನು ಒಂದು ತಿಂಗಳು ಜನರ ಮುಂದಿಡಿ. ಕಚೇರಿಯ ಒಳಗಲ್ಲ, ಸಂತೆ ಸೇರುವ ಕಡೆ ಇಡಿ. ಪಕ್ಕದಲ್ಲಿ ಇಷ್ಟಕ್ಕೆ ಉತ್ತರ ಬರೆದಿರಲಿ: ಪಶ್ಚಿಮದ ಬಿಸಿಲಿಗೆ ಏನು ಮಾಡಿದ್ದೀರಿ, ಚಾವಣಿಯ ನೀರು ಎಲ್ಲಿಗೆ ಹೋಗುತ್ತದೆ, ಕಾಯುವವರು ಎಲ್ಲಿ ಕೂರುತ್ತಾರೆ, ಕಟ್ಟಡ ಎದ್ದ ಮೇಲೆ ಬೀದಿಯಿಂದ ಬೆಟ್ಟ ಕಾಣುತ್ತದೋ ಇಲ್ಲವೋ. ಪತ್ರ ಬರೆದ ಆ ಓದುಗರೂ ಬರಲಿ, ನಾನೂ ಬರುತ್ತೇನೆ. ತೆನೆ ಬೇಕೋ ಬೇಡವೋ ಅಂತ ಅಲ್ಲೇ ಜಗಳ ಆಡೋಣ.

ಇಂತಿ,
ಹಳೇ ಊರಿನ ಓದುಗ
ಚಿತ್ರದುರ್ಗ