ಹಿಡಿಯಬೇಕಾದ್ದು ದುಡ್ಡು ಕೊಟ್ಟವರನ್ನು

ಸಂಪಾದಕರೇ,

ಸುಳ್ಳು ಸುದ್ದಿ ತಡೀಬೇಕು ಅಂದ ಕೂಡಲೇ ನಮ್ಮಲ್ಲಿ ಮೊದಲು ಜೈಲಿನ ಮಾತೇ ಬರುತ್ತದೆ. 2025ರ ಜೂನ್‌ನಲ್ಲಿ ಹೊರಬಂದ ರಾಜ್ಯ ಸರ್ಕಾರದ ಕರಡು ಮಸೂದೆಯಲ್ಲೂ 7 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಅಂತ ಇತ್ತು. ಆದರೆ ಈ ಶಿಕ್ಷೆ ಕೊನೆಗೆ ಯಾರ ತಲೆಗೆ ಬರುತ್ತದೆ?

ಅಮೆರಿಕದ ಹ್ಯೂಸ್ಟನ್‌ನಲ್ಲಿ 2016ರ ಮೇ 21ರಂದು ಏನಾಯಿತು ನೋಡಿ. ಅಲ್ಲಿನ ಒಂದು ಇಸ್ಲಾಮಿಕ್ ಕೇಂದ್ರದ ಮುಂದೆ ಮುಸ್ಲಿಮರ ವಿರುದ್ಧ ಒಂದು ಗುಂಪು, ಅವರ ಪರವಾಗಿ ಇನ್ನೊಂದು ಗುಂಪು, ಎರಡೂ ಒಂದೇ ಹೊತ್ತಿಗೆ ಬಂದು ಎದುರುಬದುರು ನಿಂತು ಕೂಗಾಡಿದವು, ಮಧ್ಯೆ ಪೊಲೀಸರು. ಮೊದಲ ಗುಂಪನ್ನು ಕರೆದದ್ದು 'ಹಾರ್ಟ್ ಆಫ್ ಟೆಕ್ಸಸ್' ಅನ್ನೋ ಫೇಸ್‌ಬುಕ್ ಪೇಜು, ಎರಡನೆಯದನ್ನು ಕರೆದದ್ದು 'ಯುನೈಟೆಡ್ ಮುಸ್ಲಿಮ್ಸ್ ಆಫ್ ಅಮೆರಿಕ'. ಎರಡನ್ನೂ ನಡೆಸುತ್ತಿದ್ದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ, ನಕಲಿ ಖಾತೆಗಳಿಂದ ಪ್ರಚಾರ ಮಾಡುತ್ತಿದ್ದ ಇಂಟರ್ನೆಟ್ ರಿಸರ್ಚ್ ಏಜೆನ್ಸಿ ಅನ್ನೋ ಸಂಸ್ಥೆ! ಇದರ ಜಾಹೀರಾತಿಗೆ ಖರ್ಚಾದದ್ದು ಸುಮಾರು 200 ಡಾಲರ್ ಅಂತ ಸೆನೆಟ್ ವಿಚಾರಣೆಯಲ್ಲಿ ಹೊರಬಂತು. ಬೀದಿಗೆ ಬಂದವರು ಮಾತ್ರ ಅಲ್ಲಿನ ಜನರೇ. ಅವರ ಸಿಟ್ಟೂ ನಿಜ, ಭಯವೂ ನಿಜ. ಅವರನ್ನು ಹಿಡಿದು ಒಳಗೆ ಹಾಕಿದ್ದರೆ ಸೇಂಟ್ ಪೀಟರ್ಸ್‌ಬರ್ಗ್‌ನವರಿಗೆ ಏನೂ ಆಗುತ್ತಿರಲಿಲ್ಲ ಅಲ್ವಾ? 2018ರ ಫೆಬ್ರವರಿಯಲ್ಲಿ ಅಮೆರಿಕದ ವಿಶೇಷ ತನಿಖಾಧಿಕಾರಿ ರಾಬರ್ಟ್ ಮುಲ್ಲರ್ ತಂಡ 13 ರಷ್ಯನ್ನರ ಮೇಲೆ ಆರೋಪ ಹೊರಿಸಿದಾಗ ಹಿಡಿದ ಎಳೆಯೇ ಬೇರೆ: ನಕಲಿ ಹೆಸರು, ಕದ್ದ ಗುರುತು, ದುಡ್ಡು ಹರಿದ ದಾರಿ. ಇದು ಸರಿಯಾದ ದಾರಿ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ರೊಮೇನಿಯಾದಲ್ಲಿ ಈ ದುಡ್ಡಿನ ದಾರಿ ಹುಡುಕೋದು ತಡವಾಯಿತು. 2024ರ ನವೆಂಬರ್ 24ರ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ ಕ್ಯಾಲಿನ್ ಜಾರ್ಜೆಸ್ಕು ಸುಮಾರು ಶೇ 23ರಷ್ಟು ಮತ ಪಡೆದು ಎಲ್ಲರಿಗಿಂತ ಮುಂದೆ ಬಂದರು. ಪ್ರಚಾರಕ್ಕೆ ಅವರು ತೋರಿಸಿದ ಖರ್ಚು ಸೊನ್ನೆ. ಟಿಕ್‌ಟಾಕ್‌ನಲ್ಲಿ ಅವರ ವಿಡಿಯೊಗಳು ತುಂಬಿಹೋಗಿದ್ದವು, ದುಡ್ಡು ಪಡೆದು ಹಾಕಿದ ವಿಡಿಯೊಗಳಿಗೆ ಚುನಾವಣಾ ಪ್ರಚಾರ ಅನ್ನೋ ಗುರುತೂ ಇರಲಿಲ್ಲ ಅಂತ ಆಮೇಲೆ ಸರ್ಕಾರ ಬಿಡುಗಡೆ ಮಾಡಿದ ಗುಪ್ತಚರ ದಾಖಲೆಗಳು ಹೇಳಿದವು. ಡಿಸೆಂಬರ್ 6ರಂದು, ಎರಡನೇ ಸುತ್ತಿಗೆ ಎರಡೇ ದಿನ ಇರುವಾಗ, ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಇಡೀ ಚುನಾವಣೆಯನ್ನೇ ರದ್ದು ಮಾಡಿತು. ಹೊರದೇಶಗಳಲ್ಲಿರುವ ರೊಮೇನಿಯನ್ನರು ಆಗಲೇ ಮತ ಹಾಕಲು ಶುರು ಮಾಡಿದ್ದರು! ಖರ್ಚು ಸೊನ್ನೆ ಅಂದ ದಿನವೇ ಲೆಕ್ಕ ಕೇಳಿದ್ದರೆ ಲಕ್ಷಾಂತರ ಜನರ ಮತ ಕಸದ ಬುಟ್ಟಿಗೆ ಹೋಗುತ್ತಿರಲಿಲ್ಲವೇನೋ.

ಜೈಲಿನ ಕಾನೂನು ಯಾರನ್ನು ಹಿಡಿಯುತ್ತದೆ ಅನ್ನೋದನ್ನು ನಾವೇ ನೋಡಿದ್ದೇವೆ. 2012ರಲ್ಲಿ ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದಿದ್ದಕ್ಕೆ ಪಾಲ್ಘರ್‌ನ ಒಬ್ಬ ಹುಡುಗಿಯನ್ನು, ಅದಕ್ಕೆ ಲೈಕ್ ಒತ್ತಿದ್ದಕ್ಕೆ ಅವಳ ಗೆಳತಿಯನ್ನು ಬಂಧಿಸಿದರು. ಆಗ ಬಳಸಿದ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಎ ಕಲಂ ಅನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಕಿತ್ತು ಹಾಕಿತು. ಅದೇ ತಪ್ಪನ್ನು ಕರ್ನಾಟಕ ಮತ್ತೆ ಯಾಕೆ ಮಾಡಬೇಕು?

ಅಭ್ಯರ್ಥಿಗಳು ಸಾಮಾಜಿಕ ಜಾಲತಾಣದ ಜಾಹೀರಾತಿನ ಖರ್ಚನ್ನೂ ಲೆಕ್ಕ ಕೊಡಬೇಕು ಅಂತ ಚುನಾವಣಾ ಆಯೋಗ 2013ರಲ್ಲೇ ಹೇಳಿದೆ. ಆದರೆ ಪಕ್ಷದ ಹೆಸರೇ ಇಲ್ಲದ ಪೇಜುಗಳು, ದುಡ್ಡು ಪಡೆದು ರೀಲ್ಸ್ ಮಾಡುವವರು ಈ ಲೆಕ್ಕದಿಂದ ಸುಲಭವಾಗಿ ನುಣುಚಿಕೊಳ್ಳುತ್ತಾರೆ. ಮಸೂದೆ ಯಾವ ರೂಪದಲ್ಲಿ ಬಂದರೂ ನಮ್ಮ ಶಾಸಕರು ಅದರಿಂದ ಸಾಮಾನ್ಯ ಜನರಿಗೆ ಜೈಲು ಅನ್ನೋದನ್ನು ತೆಗೆಸಲಿ. ಚುನಾವಣೆ ಹೊತ್ತಿನ ಪೇಜುಗಳನ್ನು ಯಾವ ದೇಶದಿಂದ ಯಾರು ನಡೆಸುತ್ತಾರೆ, ಯಾರು ದುಡ್ಡು ಕೊಡುತ್ತಾರೆ ಅನ್ನೋದನ್ನು ಮತದಾನಕ್ಕೆ ಮುಂಚೆಯೇ ಎಲ್ಲರಿಗೂ ತೋರಿಸಬೇಕು ಅಂತ ಕಂಪನಿಗಳನ್ನು ಕೇಂದ್ರ ಸರ್ಕಾರ ಮತ್ತು ಆಯೋಗ ಕಟ್ಟಿಹಾಕಲಿ.

– ನಿಮ್ಮ ಓದುಗ, ದಾವಣಗೆರೆ